ಒಳಚಿಲಕ

ಬಸ್ಸುಗಳಿಂದ ಡ್ರೈವರುಗಳು ಇಳಿದುಹೋಗಿ ಆರು ವರ್ಷವಾಗಿತ್ತು. ಕಂಡಕ್ಟರುಗಳು ಮಾತ್ರ ಉಳಿದಿದ್ದರು, ಅದೂ ಹೆಂಗಸರು. ಬಸ್ಸು ತಾನೇ ಓಡುತ್ತದೆ, ತಾನೇ ತಿರುಗುತ್ತದೆ. ಆದರೆ ಕುಡಿದವನನ್ನು ಕೆಳಗಿಳಿಸುವುದು, ಸೀಟಿಗಾಗಿ ಜುಟ್ಟು ಹಿಡಿದವರನ್ನು ಬಿಡಿಸುವುದು, ಚೀಲದೊಳಗಿನ ಕೋಳಿಯನ್ನು ಪತ್ತೆಹಚ್ಚಿ ಅದಕ್ಕೂ ಟಿಕೆಟ್ ಹರಿಯುವುದು, ಇವೆಲ್ಲ ಕಂಪ್ಯೂಟರಿನ ಕೈಯಲ್ಲಿ ಇನ್ನೂ ಆಗುತ್ತಿರಲಿಲ್ಲ. ಗದಗ ಘಟಕದ ಹಿರಿಯ ಕಂಡಕ್ಟರ್ ಫಕ್ಕೀರವ್ವ ಬಾರಕೇರ ಹೇಳುತ್ತಿದ್ದಳು, "ಬೈಯಾಕ ಒಂದ ಮನಷಾರ ಮಾರಿ ಬೇಕಲ್ಲ ಮಂದಿಗೆ. ಮಷಿನ್ನಿಗೆ ಬೈದ್ರ ಏನ ಸುಖ ಐತಿ?"

ತಾನೇ ಓಡುವ ಬಸ್ಸು ಕಂಪನಿ ಗುರುತು ಹಾಕಿಕೊಟ್ಟಲ್ಲಿ ಮಾತ್ರ ನಿಲ್ಲುತ್ತಿತ್ತು. ಹಿಂದಿನ ಕಾಲದಲ್ಲಿ, "ಅಣ್ಣಾ, ಆ ಬೇವಿನ ಗಿಡದ ಕಡೆ ಒಂದೀಟ ನಿಲ್ಲಸೋ" ಎಂದರೆ ಡ್ರೈವರ್ ನಿಲ್ಲಿಸಿ, ಆಚೆ ಮುಖ ತಿರುಗಿಸಿ ಬೀಡಿ ಹಚ್ಚುತ್ತಿದ್ದ. ಈಗ ಯಾರಿಗೆ ಹೇಳುವುದು? ಹೆಂಗಸರು ನೀರು ಕುಡಿಯುವುದನ್ನೇ ಬಿಟ್ಟರು. ನಾಲ್ಕೈದು ತಾಸು ಹಲ್ಲು ಕಚ್ಚಿ ಹಿಡಿದಿಟ್ಟುಕೊಂಡರು. ಎರಡು ವರ್ಷ ಕಳೆಯುವಷ್ಟರಲ್ಲಿ ಘಟಕದ ಅರ್ಧಕ್ಕರ್ಧ ಹೆಂಗಸರು ಕಂಪನಿಯ ಡಾಕ್ಟರ್ ಬೆಳವಣಕಿಯವರ ಬಾಗಿಲಲ್ಲಿ ಸಾಲು ಹಚ್ಚಿ ಕುಳಿತರು. ಅವರು ಉರಿಮೂತ್ರ ಎಂದದ್ದನ್ನು ಡಾಕ್ಟರು ಮೂತ್ರನಾಳದ ಸೋಂಕು ಎಂದು ಬರೆದುಕೊಂಡರು. "ಬೆನ್ನಾಗ ಚೂರಿ ಹಾಕಿ ತಿರುವಿದಂಗ ಆಕ್ಕೈತ್ರಿ" ಎಂದದ್ದು ಮೂತ್ರಪಿಂಡದ ಹರಳು ಆಯಿತು. "ಸೀನಿದ್ರ ಸಾಕ್ರಿ, ಸೀರಿ ಒದ್ದಿ" ಎಂದು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಹೇಳಿದ್ದಕ್ಕೂ ಒಂದು ಹೆಸರಿತ್ತು: ಮೂತ್ರದ ಅಸಂಯಮ.

"ಅಸಂಯಮ ಅಂದ್ರ ತಪ್ಪ ನಮ್ಮದ ಅನ್ನೂಹಂಗ ಐತಲ್ರಿ ಡಾಕ್ಟರ?" ಎಂದಿದ್ದಳು ಫಕ್ಕೀರವ್ವ.

"ಪುಸ್ತಕದಾಗ ಹಂಗ ಐತಿ ಬೇ," ಎಂದಿದ್ದರು ಡಾಕ್ಟರು.

ದಾರಿಗುಂಟ ಪಾಯಿಖಾನೆ ಕಟ್ಟಿಸುವ ಬದಲು ಕಂಪನಿ ಒಂದು ಉಂಗುರ ಮಾಡಿಸಿತು. ಅದರ ಹೆಸರೇ 'ಸಂಯಮ'. ಮೂತ್ರಕೋಶವೆಂದರೆ ಹಿಗ್ಗುವ ಒಂದು ಚೀಲ. ಮೂತ್ರಪಿಂಡಗಳು ರಕ್ತ ಸೋಸಿ ಕಳಿಸಿದ್ದೆಲ್ಲ ಸಣ್ಣ ನಾಳಗಳಲ್ಲಿ ಇಳಿದು ಬಂದು ಅದರಲ್ಲಿ ಕೂಡಿಕೊಳ್ಳುತ್ತದೆ. ಚೀಲ ಬಿಗಿದಾಗ ನರಗಳು ಮೆದುಳಿಗೆ ಸುದ್ದಿ ಮುಟ್ಟಿಸುತ್ತವೆ. ಚೀಲದ ಕೊರಳಿಗೆ ತೊಡಿಸುವ ಈ ಉಂಗುರಕ್ಕೆ ಎರಡು ಕೆಲಸ. ಕೊರಳನ್ನು ಬಿಗಿಯಾಗಿ ಮುಚ್ಚುವುದು ಒಂದು, ನರಗಳ ಸುದ್ದಿಯನ್ನು ಅಡಗಿಸುವುದು ಇನ್ನೊಂದು. ಬಸ್ಸು ಪಾಯಿಖಾನೆ ಇರುವ ನಿಲ್ದಾಣ ತಲುಪಿದರೆ ಕಂಡಕ್ಟರಳ ಮೊಬೈಲು ಗುರ್ರೆನ್ನುತ್ತಿತ್ತು, ಉಂಗುರ ಹತ್ತು ನಿಮಿಷ ಬಿಚ್ಚಿಕೊಳ್ಳುತ್ತಿತ್ತು, ಮತ್ತೆ ಮುಚ್ಚುತ್ತಿತ್ತು. ನಡುವೆ ಎಷ್ಟು ತಾಸಾದರೂ ಅವಸರವೆಂಬುದೇ ಇಲ್ಲ. ಹೆಂಗಸರು ಅದಕ್ಕೆ ಚಿಲಕ ಎಂದರು. ಉರಿಯುತ್ತದೆ ಎಂದು ಹೇಳಿಕೊಂಡು ಬರುವವರು ಒಂದೇ ವರ್ಷದಲ್ಲಿ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆಯಾದರು. ಕಂಪನಿ ಅದನ್ನು ದೊಡ್ಡ ಅಕ್ಷರದಲ್ಲಿ ಬಸ್ಸಿನ ಮೈಮೇಲೆ ಬರೆಸಿತು. ಉರಿ ಹೇಳುವ ನರವೇ ಮಲಗಿದೆ ಎಂಬುದನ್ನು ಯಾರೂ ಎಲ್ಲಿಯೂ ಬರೆಸಲಿಲ್ಲ.

ಹೆಂಗಸರ ಸಂಘ ಹೋರಾಡಿ ಒಂದು ಮಾತು ಗೆದ್ದುಕೊಂಡಿತ್ತು. ಚೀಲ ಎಷ್ಟು ತುಂಬಿದೆ ಎಂಬುದು ಕಂಪನಿಗೆ ಕಾಣಲಿ, ತಾವು ಎಲ್ಲಿದ್ದೇವೆ ಎಂಬುದು ಕಾಣಬಾರದು. ಹಾಗಾಗಿ ಉಂಗುರ ಡ್ಯೂಟಿ ಪಟ್ಟಿಯನ್ನಷ್ಟೇ ನಂಬುತ್ತಿತ್ತು. ಪಟ್ಟಿಯಲ್ಲಿ ನಿಮ್ಮ ಹೆಸರು ಯಾವ ಬಸ್ಸಿಗಿದೆಯೋ ಆ ಬಸ್ಸು ನಿಂತಾಗ ನಿಮ್ಮ ಚಿಲಕ ತೆರೆಯುತ್ತದೆ. ರಜೆಯೆಂದು ಬರೆದಿದ್ದರೆ ಇಡೀ ದಿನ ಬಾಗಿಲು ಬಯಲು.

ಗದಗ ಘಟಕದಲ್ಲಿ ಕಂಪನಿಗಿಂತ ಹಳೆಯದಾದ ಒಂದು ರೂಢಿಯಿತ್ತು, ಕೈಬದಲಿ. ಒಬ್ಬಳ ಮನೆಯಲ್ಲಿ ಕಾರ್ಯವಿದ್ದರೆ ಇನ್ನೊಬ್ಬಳು ಅವಳ ಬ್ಯಾಡ್ಜು ಸಿಕ್ಕಿಸಿಕೊಂಡು, ಅವಳ ಟಿಕೆಟ್ ಮಷಿನ್ನು ಹಿಡಿದು ಬಸ್ಸು ಹತ್ತುವುದು. ಅರ್ಜಿಯಿಲ್ಲ, ಸಾಹೇಬರ ಸಹಿಯಿಲ್ಲ. ಇಂದು ನೀನು, ನಾಳೆ ನಾನು. ಸಿಕ್ಕಿಬಿದ್ದರೆ ಇಬ್ಬರ ಕೆಲಸವೂ ಹೋಗುತ್ತಿತ್ತು, ಆದರೆ ಯಾರೂ ಸಿಕ್ಕಿಬಿದ್ದಿರಲಿಲ್ಲ. ಚಿಲಕ ಬಂದ ಮೇಲೂ ರೂಢಿ ತಪ್ಪಲಿಲ್ಲ, ಸ್ವಲ್ಪ ಬದಲಾಯಿತು ಅಷ್ಟೇ. ಮನೆಯಲ್ಲಿ ಉಳಿದವಳು ಬಸ್ಸಿನ ವೇಳೆಗೆ ಒಂದಕ್ಕೆ ಹೋಗುತ್ತಿದ್ದಳು. ಸೀಮಂತದ ಹಾಡು ಹೇಳುತ್ತ ಕುಳಿತವಳು ಥಟ್ಟನೆ ಎದ್ದು, "ತಡೀರಿ, ನನ್ನ ಬಸ್ಸ ಕೊಪ್ಪಳಕ್ಕ ಬಂತು" ಎಂದು ಬಚ್ಚಲಿಗೆ ಓಡಿದರೆ ಉಳಿದವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಆ ಭಾನುವಾರ ರಾಯಚೂರು ಬಸ್ಸು ದಿಲ್‌ಶಾದ್ ನದಾಫಳ ಪಾಲಿಗೆ ಬಂದಿತ್ತು. ಅಂದೇ ಅವಳ ಅಣ್ಣ ಮೌಲಾಸಾಬನ ಮಗಳ ನಿಶ್ಚಯ. ಫಕ್ಕೀರವ್ವನಿಗೆ ಅಂದು ವಾರದ ರಜೆ.

"ಚಿಗವ್ವಾ, ನೀ ಇಲ್ದಿದ್ರ ನಾ ಏನ ಮಾಡ್ತಿದ್ನೋ," ಎನ್ನುತ್ತ ದಿಲ್‌ಶಾದ್ ಬೆಳಗಿನ ಆರಕ್ಕೆ ಬಸ್ ಸ್ಟ್ಯಾಂಡಿನಲ್ಲಿ ತನ್ನ ಬ್ಯಾಡ್ಜನ್ನು ಫಕ್ಕೀರವ್ವನ ಖಾಕಿ ಅಂಗಿಗೆ ಸಿಕ್ಕಿಸಿದಳು.

"ಏನ ಮಾಡ್ತಿದ್ದಿ, ಬಿರ್ಯಾನಿ ತಿನ್ನೂದ ತಪ್ಪತಿತ್ತು. ನನಗ ಒಂದ ಡಬ್ಬಿ ತಗದಿಡು. ಮತ್ತ ಎಲುಬ ಅಷ್ಟ ತುಂಬಿ ಕೊಟ್ಟಿ ಅಂದ್ರ ನೋಡು!"

"ಎಂಟ ತಿಂಗಳಕ್ಕ ರಿಟೈರ್ ಆಗಾಕಿ ನೀ, ಎಲುಬ ಕಡಿಯಾಕ ಹಲ್ಲರ ಎಲ್ಲಿ ಅದಾವು ನಿನಗ?"

"ಹೋಗ, ಹೋಗ. ನೀರ ಕುಡದಿ? ನಿಂದು ಒಂದ ಐತಿ, ನೆನಪಿರ್ಲಿ."

ಒಂದೇ ಇರುವುದೆಂದರೆ ಮೂತ್ರಪಿಂಡ. ಹನ್ನೊಂದು ವರ್ಷದ ಹಿಂದೆ ಮೌಲಾಸಾಬನ ಎರಡೂ ಮೂತ್ರಪಿಂಡಗಳು ಕೈಕೊಟ್ಟಾಗ ದಿಲ್‌ಶಾದ್ ತನ್ನ ಎಡಗಡೆಯದನ್ನು ಅವನಿಗೆ ಕೊಟ್ಟಿದ್ದಳು. ಗೊತ್ತಾದರೆ ಕೆಲಸ ಸಿಗುವುದಿಲ್ಲವೆಂದು ಕಂಪನಿಗೆ ಹೇಳಿರಲಿಲ್ಲ. ಉಂಗುರ ತೊಡಿಸುವಾಗ ಡಾಕ್ಟರು ಸ್ಕ್ಯಾನಿನಲ್ಲಿ ಮೂತ್ರಕೋಶವನ್ನಷ್ಟೇ ನೋಡಿದ್ದರು. ಅದಕ್ಕಿಂತ ಮೇಲೆ ನೋಡುವುದು ಕಂಪನಿಯ ಕರಾರಿನಲ್ಲಿರಲಿಲ್ಲ. ಘಟಕದಲ್ಲಿ ಈ ವಿಷಯ ಗೊತ್ತಿದ್ದವಳು ಫಕ್ಕೀರವ್ವ ಒಬ್ಬಳೇ.

ಏಳೂವರೆಗೆ ಬಸ್ಸು ಕೊಪ್ಪಳದಲ್ಲಿ ನಿಂತಿತು. ಗದಗದಲ್ಲಿ ದಿಲ್‌ಶಾದಳ ಮೊಬೈಲು ಗುರ್ರೆಂದಿತು, ಅವಳು ಬಚ್ಚಲಿಗೆ ಹೋಗಿಬಂದಳು. ಮುಂದಿನ ನಿಲ್ದಾಣ ಗಂಗಾವತಿ, ಎಂಟೂಮುಕ್ಕಾಲಿಗೆ. ಆದರೆ ಎಂಟೂಕಾಲಿಗೆ ದಾರಿಯಲ್ಲಿ ಅಕ್ಕಿ ತುಂಬಿದ ಲಾರಿಯೊಂದು ಅಡ್ಡಬಿದ್ದಿತ್ತು. ಅರ್ಧ ರಸ್ತೆ ಮುಚ್ಚಿತ್ತು, ಉಳಿದರ್ಧ ತೆರವಿತ್ತು. ಟ್ರ್ಯಾಕ್ಟರು, ಬೈಕು, ಎತ್ತಿನ ಬಂಡಿ ಎಲ್ಲವೂ ಆ ತೆರವಿನಲ್ಲಿ ದಾಟಿಹೋದವು. ಬಸ್ಸು ಮಾತ್ರ ನಿಂತೇಬಿಟ್ಟಿತು. ನಡುವಿನ ಬಿಳಿ ಗೆರೆ ದಾಟಬಾರದೆಂದು ಅದಕ್ಕೆ ಕಲಿಸಿದ್ದರು. ದಾಟು ಎಂದು ಅಪ್ಪಣೆ ಕೊಡುವ ಅಧಿಕಾರಿ ಭಾನುವಾರ ಫೋನು ಎತ್ತುತ್ತಿರಲಿಲ್ಲ.

ಹತ್ತೂವರೆಯ ಹೊತ್ತಿಗೆ ಪ್ರಯಾಣಿಕರೆಲ್ಲ ಬೈದು, ಇಳಿದು, ಬೇರೆ ಗಾಡಿ ಹಿಡಿದಿದ್ದರು. ಬಸ್ಸು ಬಿಟ್ಟು ಕಂಡಕ್ಟರ್ ಹೋಗುವಂತಿಲ್ಲ. ಫಕ್ಕೀರವ್ವ ಫೋನು ಮಾಡಿದಳು.

"ದಿಲ್‌ಶಾದ, ಬಸ್ಸ ನಿಂತ ಬಿಟ್ಟೈತವಾ. ಗಂಗಾವತಿ ಇನ್ನೂ ಬಂದಿಲ್ಲ. ನೀರ ಕಮ್ಮಿ ಕುಡಿ."

"ಹೆಂಗ ಕಮ್ಮಿ ಕುಡೀಲಿ ಚಿಗವ್ವ? ಒಂದ ಇದ್ದಾರು ನೀರ ಜಾಸ್ತಿ ಕುಡೀಬೇಕಂತ ದವಾಖಾನ್ಯಾಗ ಹೇಳ್ಯಾರ. ಏನೂ ಆಗೂದಿಲ್ಲ ಬಿಡು, ನನಗ ಬಂದ ಇಲ್ಲ." ಹಿಂದೆ ಹೆಂಗಸರ ಗದ್ದಲ, ಲೋಟಗಳ ಸಪ್ಪಳ. "ಹುಡುಗನ ಕಡೆಯವರು ಬಂದ್ರು, ಇಡ್ತೀನಿ."

ಬಂದಿಲ್ಲ ಎಂದದ್ದು ಸುಳ್ಳಲ್ಲ. ಬಂದದ್ದು ಗೊತ್ತಾಗದಂತೆ ಮಾಡುವುದೇ ಉಂಗುರದ ಕೆಲಸವಾಗಿತ್ತು. ದಿಲ್‌ಶಾದ್ ಅತ್ತಿಗೆಯ ಜೊತೆ ಶರಬತ್ತು ಹಂಚಿದಳು, ಕುಡಿಯಿರೆಂದು ಒತ್ತಾಯ ಮಾಡಿದವರ ಜೊತೆ ತಾನೂ ಕುಡಿದಳು.

ಹುಬ್ಬಳ್ಳಿಯ ನಿಯಂತ್ರಣ ಕೊಠಡಿಯಲ್ಲಿ ಅಂದು ಭಾರತಿ ಯಲಿಗಾರಳ ಪಾಳಿ. ಅವಳ ಮುಂದಿನ ಪರದೆಯಲ್ಲಿ ಇನ್ನೂರ ಹನ್ನೆರಡು ಹೆಸರು, ಒಂದೊಂದು ಹೆಸರಿನ ಮುಂದೆ ಚೀಲ ಎಷ್ಟು ತುಂಬಿದೆಯೆಂದು ತೋರಿಸುವ ಒಂದೊಂದು ಬಣ್ಣದ ಪಟ್ಟಿ. ಐನೂರು ಮಿಲಿಲೀಟರ್ ದಾಟಿದರೆ ಪಟ್ಟಿ ಹಳದಿ, ಏಳುನೂರಕ್ಕೆ ಕೆಂಪು. ಭಾರತಿ ಒಳ್ಳೆಯವಳು. ಹಳದಿಯಾದವರಿಗೆ ತಾನಾಗಿ ಫೋನು ಮಾಡಿ, "ಇನ್ನ ಹತ್ತ ನಿಮಿಷ ಅಕ್ಕಾ, ಬಸ್ಸ ಬಂದ್ಬಿಡ್ತೈತಿ" ಎಂದು ಸಮಾಧಾನ ಹೇಳುವವಳು ಆ ಕೊಠಡಿಯಲ್ಲಿ ಅವಳೊಬ್ಬಳೇ. ಮಧ್ಯಾಹ್ನ ಹನ್ನೆರಡೂವರೆಗೆ ದಿಲ್‌ಶಾದ್ ನದಾಫಳ ಪಟ್ಟಿ ಕೆಂಪಾಗಿ ಮಿಣುಕತೊಡಗಿತು.

ತುರ್ತಾಗಿ ಚಿಲಕ ತೆರೆಯುವ ಗುಂಡಿ ಅವಳ ಬಳಿ ಇತ್ತು. ಆದರೆ ಬಸ್ಸು ನಿಲ್ದಾಣದ ಹೊರಗಿದ್ದರೆ ಅದನ್ನು ಒತ್ತಬಾರದೆಂದು ನಿಯಮ. ಹಿಂದೊಮ್ಮೆ ಓಡುವ ಬಸ್ಸಿನಲ್ಲಿ ಒಬ್ಬಳ ಚಿಲಕ ತೆರೆದು, ಮಂದಿ ಅದನ್ನು ಮೊಬೈಲಿನಲ್ಲಿ ಹಿಡಿದು, ಆಕೆ ಊರೇ ಬಿಟ್ಟುಹೋಗಿದ್ದಳು. ನಿಯಮವಿದ್ದರೂ ಒತ್ತಿಬಿಡೋಣವೆಂದು ಭಾರತಿ ಕೈ ಎತ್ತಿದಳು. ಅದಕ್ಕೂ ಮುಂಚೆ ಬಸ್ಸಿನ ಸುತ್ತ ಯಾರಾದರೂ ಇದ್ದಾರೇನೋ ನೋಡೋಣವೆಂದು ಹೊರಗಿನ ಕ್ಯಾಮೆರಾ ತೆರೆದಳು.

ಖಾಕಿ ಅಂಗಿಯ ಹೆಂಗಸೊಬ್ಬಳು ಬಸ್ಸಿನಿಂದಿಳಿದು, ಆಚೆ ಈಚೆ ನೋಡಿ, ಜಾಲಿ ಕಂಟಿಯ ಹಿಂದೆ ಹೋದಳು. ಎರಡು ನಿಮಿಷದ ನಂತರ ಸೀರೆ ಸರಿಮಾಡಿಕೊಳ್ಳುತ್ತ ಹಗುರವಾಗಿ ನಡೆದು ಬಂದಳು.

ಪರದೆಯಲ್ಲಿ ಪಟ್ಟಿ ಮಾತ್ರ ಒಂದು ಹನಿಯೂ ಇಳಿಯಲಿಲ್ಲ.

ಭಾರತಿಗೆ ನಗು ಬಂತು. ಬಸ್ಸಿಗೆ ಫೋನು ಹಚ್ಚಿದಳು.

"ದಿಲ್‌ಶಾದಕ್ಕಾ, ಕಂಟ್ರೋಲ್ ರೂಮಿಂದ ಭಾರತಿ. ನಿಮ್ಮ ಚಿಲಕ ತಾನ ಬಿಚ್ಚೈತಿ, ಮೀಟರೂ ಕೆಟ್ಟೈತಿ ನೋಡ್ರಿ! ತುಂಬಿ ತುಳಕಾಕತ್ತೈತಿ ಅಂತ ಬಡಕೊಳ್ಳಾಕತ್ತೈತಿ ಇದು. ನೀವು ಈಗ ಕಂಟಿ ಹಿಂದ ಹೋಗಿ ಬಂದ್ರಲ್ಲ? ನಾಚಬ್ಯಾಡ್ರಿ, ನಾನೂ ಹೆಣ್ಮಗಳ."

ಫಕ್ಕೀರವ್ವ ಅಂಗಿಯ ಮೇಲಿನ ಬ್ಯಾಡ್ಜನ್ನು ಮುಟ್ಟಿ ನೋಡಿಕೊಂಡಳು. ತನ್ನ ಹೆಸರು ಹೇಳಿದರೆ ಮೂವತ್ತೊಂದು ವರ್ಷದ ನೌಕರಿ ಅಲ್ಲಿಗೇ ಮುಗಿಯುತ್ತಿತ್ತು. ಇನ್ನೇನು ಲಾರಿ ಎತ್ತುತ್ತಾರೆ ಎಂದುಕೊಂಡಳು. ಗಂಗಾವತಿ ಅರ್ಧ ತಾಸಿನ ದಾರಿ ಎಂದುಕೊಂಡಳು.

"ಹ್ಞೂಂನ್ರಿ," ಎಂದಳು. "ಹೋಗಿ ಬಂದೆ."

"ಹಂಗಾರ ಮುಗೀತು. ಮಾಪಕ ದೋಷ ಅಂತ ಬರದ ಬಿಡ್ತೀನಿ. ಇಲ್ಲಾಂದ್ರ ಸಂಜೀಮಟ ಹೊಯ್ಕೊಳ್ಳತೈತಿ ಇದು."

"ಆದ್ರೂ ಒಂದ ಸಲ ಚಿಲಕ ತಗೀರೆಲ್ಲ ಅಕ್ಕಾರ..."

"ಕೆಟ್ಟದ್ದನ್ನ ತಗದ ಏನ ಮಾಡ್ಲಿ? ನಾಳೆ ಮೆಕ್ಯಾನಿಕ್ ಬಂದ ನೋಡ್ತಾನ. ಆರಾಮ ಕುಂದರ್ರಿ."

ಭಾರತಿ ಒಂದು ಗುಂಡಿ ಒತ್ತಿದಳು. ಕೆಂಪು ಪಟ್ಟಿ ಬೂದಿ ಬಣ್ಣಕ್ಕೆ ತಿರುಗಿ ತೆಪ್ಪಗಾಯಿತು.

ಮೂರು ಗಂಟೆಗೆ ಮೌಲಾಸಾಬನ ಮನೆಯಲ್ಲಿ ನಿಶ್ಚಯದ ಉಂಗುರ ಬದಲಾಯಿಸಿ, ಊಟ ಮುಗಿದು, ಎಲೆಯಡಿಕೆಯ ತಟ್ಟೆ ತಿರುಗುತ್ತಿತ್ತು. ತಟ್ಟೆ ಹಿಡಿದಿದ್ದ ದಿಲ್‌ಶಾದ್ ಅದನ್ನು ಕೆಳಗಿಟ್ಟು ಮೈತುಂಬ ಸೆರಗು ಹೊದ್ದುಕೊಂಡಳು. ಸೆಖೆಯಲ್ಲಿ ಅವಳಿಗೆ ಚಳಿ. ಬಲಬದಿಯ ಪಕ್ಕೆಲುಬಿನ ಕೆಳಗೆ, ಬೆನ್ನಿನಲ್ಲಿ, ಯಾರೋ ಒಳಗಿನಿಂದ ಒದೆಯುವಂತೆ ನೋವು. ಉಂಗುರ ಅಡಗಿಸುತ್ತಿದ್ದುದು ಚೀಲದ ಸುದ್ದಿಯನ್ನಷ್ಟೇ. ಮೂತ್ರ ಬಂದ ದಾರಿಯಲ್ಲೇ ತಿರುಗಿ ಮೇಲಕ್ಕೆ ಒತ್ತಿದಾಗ ಮೂತ್ರಪಿಂಡ ಕೂಗುವುದು ಬೇರೆ ನರಗಳಿಂದ.

ಮೌಲಾಸಾಬ ತಂಗಿಯ ಮುಖ ನೋಡಿದವನೇ ಎದ್ದುಬಂದ. "ಈ ನೋವು ನನಗ ಗೊತ್ತೈತಿ. ಏಳು, ದವಾಖಾನಿಗೆ ಹೋಗೂಣು."

"ಬ್ಯಾಡ ಭಾಯಿ. ದವಾಖಾನಿಗೆ ಹೋದ್ರ ಚಿಲಕದ ನಂಬರ್ ಕೇಳ್ತಾರ. ನಾ ರಾಯಚೂರ ಬಸ್ಸಿನ್ಯಾಗ ಇರಬೇಕಾದಾಕಿ."

"ಜೀವಕ್ಕಿಂತ ಬಸ್ಸು ದೊಡ್ಡದಾ?"

"ಮಂದಿ ಕುಂತಾರ, ಮೆಲ್ಲಕ ಮಾತಾಡು." ಅವಳು ಹಿತ್ತಿಲಿಗೆ ಹೋಗಿ ಗೋಡೆಗೊರಗಿ ಫೋನು ಮಾಡಿದಳು. "ಚಿಗವ್ವಾ, ಬಸ್ಸು?"

"ಕ್ರೇನ್ ಬಂದೈತವಾ, ಇನ್ನೇನ ಎತ್ತತಾರ."

"ಚಿಗವ್ವಾ, ನಂಗ ತಡಿಯಾಕ ಆಗವಲ್ದು. ಕಂಟ್ರೋಲ್ ರೂಮಿಗೆ ಏನರ ನೆಪ ಹೇಳಿ ತಗಸಾಕ ಆಕ್ಕೈತೇನು?"

"ಹೇಳೇನಿ, ಹೇಳೇನಿ. ಅವರ... ನೋಡ್ತೀವಿ ಅಂದಾರ."

ಫಕ್ಕೀರವ್ವ ಫೋನಿಟ್ಟು ಖಾಲಿ ಬಸ್ಸಿನಲ್ಲಿ ಮೊದಲ ಸೀಟಿನಿಂದ ಕೊನೆಯ ಸೀಟಿನವರೆಗೆ ಓಡಾಡಿದಳು. ಕಿಟಕಿಯಾಚೆ ಊರಿನ ಹೆಂಗಸರು ರಸ್ತೆಯ ಮೇಲಿನ ಅಕ್ಕಿಯನ್ನು ಗುಡಿಸಿ, ಕೇರಿ, ಕಲ್ಲು ಆರಿಸುತ್ತ ಹರಟೆ ಹೊಡೆಯುತ್ತಿದ್ದರು. ಎಂಟು ತಿಂಗಳು. ಗಂಡನಿಲ್ಲದ ಮನೆಯಲ್ಲಿ ಯಾರ ಮುಂದೆಯೂ ಕೈಯೊಡ್ಡದೆ ಉಳಿಯಲು ಅವಳಿಗಿದ್ದದ್ದು ಆ ಪಿಂಚಣಿಯೊಂದೇ. ಕ್ರೇನು ಒಮ್ಮೆ ಎತ್ತಿತು, ಹಗ್ಗ ಹರಿಯಿತು. ಇನ್ನೊಂದು ಹಗ್ಗ ತರಲು ಹೋದರು.

ಐದು ಗಂಟೆಗೆ ಮೌಲಾಸಾಬನೇ ಫೋನು ಮಾಡಿದ. "ಫಕ್ಕೀರವ್ವ, ದಿಲ್‌ಶಾದ್ ಏನೇನೋ ಬಡಬಡಸಾಕತ್ತಾಳ. ಮೈ ಕೆಂಡ ಆಗೇತಿ. ದವಾಖಾನಿಗೆ ಒಯ್ಯಾಕತ್ತೇವಿ."

ಆಮೇಲೆ ಫಕ್ಕೀರವ್ವ ಹುಬ್ಬಳ್ಳಿಗೆ ಫೋನು ಹಚ್ಚಿದಳು. "ಅಕ್ಕಾರ, ನಾ ದಿಲ್‌ಶಾದ ಅಲ್ರಿ. ನಾ ಫಕ್ಕೀರವ್ವ ಬಾರಕೇರ. ಕಂಟಿ ಹಿಂದ ಹೋದಾಕಿ ನಾನ್ರಿ. ಆಕಿ ಮನ್ಯಾಗ ಅದಾಳ. ಆಕಿ ಬೆಳಿಗ್ಗಿಂದ ಹೋಗಿಲ್ರಿ. ತಗೀರಿ, ನಿಮ್ಮ ಕಾಲಿಗೆ ಬೀಳ್ತೀನಿ, ತಗೀರಿ."

ಭಾರತಿ ಪರದೆಯತ್ತ ಬಾಗಿದಳು. ಬೂದಿ ಬಣ್ಣದ ಪಟ್ಟಿಯ ಮೇಲೆ ತುರ್ತು ಗುಂಡಿ ಒತ್ತಿದಳು. ಪರದೆ ಹೇಳಿತು: ಮಾಪಕ ದೋಷ. ಈ ಉಂಗುರ ಆಜ್ಞೆ ಸ್ವೀಕರಿಸುವುದಿಲ್ಲ. ತಂತ್ರಜ್ಞರ ಪರಿಶೀಲನೆ ಬಾಕಿ. ಮತ್ತೆ ಒತ್ತಿದಳು. ಪಕ್ಕದವಳು ಬಂದು ಕೈ ಹಿಡಿಯುವ ತನಕ ಒತ್ತುತ್ತಲೇ ಇದ್ದಳು.

ದವಾಖಾನೆಯ ಹೊಸ ಡಾಕ್ಟರು ಒಳಗೆ ನಳಿಗೆ ಹಾಕಲು ನೋಡಿದರು. ಉಂಗುರ ಬಿಡಲಿಲ್ಲ. ಹೊಟ್ಟೆಯ ಕೆಳಭಾಗಕ್ಕೆ ದಪ್ಪ ಸೂಜಿ ಚುಚ್ಚಿ ಚೀಲ ಬರಿದು ಮಾಡಬಹುದು, ಹತ್ತು ನಿಮಿಷದ ಕೆಲಸ. ಆದರೆ ಉಂಗುರ ಕಂಪನಿಯದು, ಅದಕ್ಕೆ ಸೂಜಿ ತಾಗಿದರೆ ಉತ್ತರ ಹೇಳುವವರು ಯಾರು ಎಂದು ಅವರು ಮೇಲಿನವರಿಗೆ, ಮೇಲಿನವರು ಇನ್ನೂ ಮೇಲಿನವರಿಗೆ ಫೋನು ಮಾಡಿದರು. ಚುಚ್ಚಿದಾಗ ಆರೂವರೆ. ಒಂದೂವರೆ ಲೀಟರಿಗೂ ಹೆಚ್ಚು ಹೊರಬಂತು, ಮಜ್ಜಿಗೆಯಂತೆ ಮಂದವಾಗಿ. ಎಷ್ಟು ತಿಂಗಳಿಂದಲೋ ಅಲ್ಲಿ ಸೋಂಕಿತ್ತು. ಉರಿದದ್ದು ಅವಳಿಗೆ ತಿಳಿದಿರಲಿಲ್ಲ ಅಷ್ಟೇ. ಮರುದಿನದಿಂದ ಮೌಲಾಸಾಬನ ಕಿವಿಗೆ ಹೊಸ ಹೊಸ ಹೆಸರು ಬಿದ್ದವು: ಹಿಮ್ಮುಖ ಹರಿವು, ಮೂತ್ರಪಿಂಡದ ಬಾವು, ರಕ್ತದಲ್ಲಿ ನಂಜು, ಕ್ರಿಯಾಟಿನಿನ್. ದಿಲ್‌ಶಾದ್ ಬದುಕಿದಳು. ಅವಳ ಒಂದೇ ಮೂತ್ರಪಿಂಡ ಬದುಕಲಿಲ್ಲ. ಮಂಚದ ಪಕ್ಕದಿಂದ ಎದ್ದು ಮೌಲಾಸಾಬ ಮೂತ್ರಕ್ಕೆಂದು ಹೊರಗೆ ಹೋಗುವಾಗಲೆಲ್ಲ ತಂಗಿಯ ಮುಖ ನೋಡಲಾಗದೆ ತಲೆ ತಗ್ಗಿಸುತ್ತಿದ್ದ.

ಎರಡು ತಿಂಗಳ ಮೇಲೆ ಕಂಪನಿ ವಿಚಾರಣೆ ನಡೆಸಿತು. ಅಂದಿನ ಫೋನಿನ ಮಾತುಗಳನ್ನೆಲ್ಲ ಹಚ್ಚಿ ಕೇಳಿಸಿದರು. ಚಿಗವ್ವ ಹೇಳಿದ್ದಾಳೆ, ಕಂಟ್ರೋಲ್ ರೂಮಿನವರೇ ತೆರೆಯಲಿಲ್ಲ ಎಂದೇ ದಿಲ್‌ಶಾದ್ ಅಲ್ಲಿಯವರೆಗೂ ನಂಬಿದ್ದಳು. ಹಚ್ಚಿದ ಯಂತ್ರದಿಂದ ಫಕ್ಕೀರವ್ವನ ದನಿ ಬಂತು: ಹ್ಞೂಂನ್ರಿ, ಹೋಗಿ ಬಂದೆ. ಆಮೇಲೆ ಅಧಿಕಾರಿ ಆ ಕರೆಗೂ ನಿಜ ಹೇಳಿದ ಕರೆಗೂ ನಡುವಿನ ವೇಳೆ ಓದಿದ, ನಾಲ್ಕು ತಾಸಿಗೂ ಮಿಕ್ಕಿತ್ತು. ದಿಲ್‌ಶಾದ್ ತಲೆಯೆತ್ತಿ ಎದುರಿಗೆ ಕುಳಿತ ಫಕ್ಕೀರವ್ವನನ್ನು ಒಮ್ಮೆ ನೋಡಿದಳು.

ಫಕ್ಕೀರವ್ವನ ಕೆಲಸ ಹೋಯಿತು, ಪಿಂಚಣಿಯೂ ಹೋಯಿತು. ಅವಳ ಉಂಗುರವನ್ನು ತೆರೆದ ಸ್ಥಿತಿಯಲ್ಲಿಯೇ ಬಿಟ್ಟರು. ಇಷ್ಟು ವರ್ಷ ಉಂಗುರವೇ ಹಿಡಿದಿದ್ದರಿಂದ ಅವಳ ಸ್ನಾಯು ಹಿಡಿಯುವುದನ್ನು ಮರೆತುಬಿಟ್ಟಿತ್ತು. ಹನಿ ತಪ್ಪುತ್ತಿತ್ತು.

ದಿಲ್‌ಶಾದಳ ಕೆಲಸ ಮಾತ್ರ ಉಳಿಯಿತು. ಕಂಪನಿ ಕರುಣೆ ತೋರಿಸಿತೆಂದು ಪತ್ರಿಕೆಯಲ್ಲಿ ಬಂತು. ವಾರಕ್ಕೆ ಮೂರು ದಿನ ಡಯಾಲಿಸಿಸ್, ಉ‌ಳಿದ ದಿನ ಡ್ಯೂಟಿ. ಡಾಕ್ಟರ್ ಬೆಳವಣಕಿ ಅವಳಿಗೊಂದು ಸರ್ಟಿಫಿಕೇಟ್ ಬರೆದುಕೊಟ್ಟರು: ಮೂತ್ರ ಉತ್ಪತ್ತಿ ಸಂಪೂರ್ಣ ನಿಂತಿದೆ, ವಿರಾಮದ ಅಗತ್ಯವಿಲ್ಲ. ಆ ಕಾಗದ ನೋಡಿದ ಕಂಪನಿ ಅವಳನ್ನು ರಾಯಚೂರಿನ ಹೊಸ ತಡೆರಹಿತ ಬಸ್ಸಿಗೆ ಹಾಕಿತು. ನಡುವೆ ಎಲ್ಲಿಯೂ ನಿಲ್ಲದ್ದರಿಂದ ಬಸ್ಸು ಒಂದು ತಾಸು ಮುಂಚೆ ಮುಟ್ಟುತ್ತಿತ್ತು. ಘಟಕದ ಗೋಡೆಯ ಮೇಲೆ ತಿಂಗಳ ಉತ್ತಮ ಕಂಡಕ್ಟರ್ ಎಂದು ದಿಲ್‌ಶಾದಳ ಫೋಟೋ ಹಾಕಿದರು.

ಒಂದು ಬುಧವಾರ ಬೆಳಗ್ಗೆ ಆ ಬಸ್ಸಿಗೆ ಫಕ್ಕೀರವ್ವ ಹತ್ತಿದಳು. ರಾಯಚೂರಿನಲ್ಲಿ ಅವಳಿಗೇನೂ ಕೆಲಸವಿರಲಿಲ್ಲ. ಮನೆಗೆ ಹೋದರೆ ದಿಲ್‌ಶಾದ್ ಬಾಗಿಲು ತೆಗೆಯುತ್ತಿರಲಿಲ್ಲ, ಬಸ್ಸಿನಲ್ಲಾದರೆ ಎಲ್ಲಿಗೆ ಹೋಗುತ್ತಾಳೆ ಎಂದುಕೊಂಡಿದ್ದಳು. ದಿಲ್‌ಶಾದ್ ಊದಿದ ಮುಖದಲ್ಲಿ ಬಂದು, ಕೈ ಚಾಚಿ, ಟಿಕೆಟ್ ಕೊಟ್ಟು ಮುಂದೆ ಹೋದಳು.

ಕೊಪ್ಪಳ ಹಿಂದೆ ಬಿತ್ತು. ಫಕ್ಕೀರವ್ವ ಕಂಬಿ ಹಿಡಿದು ಎದ್ದು, ಮುಂದಿನ ಸೀಟಿನ ತನಕ ಬಂದಳು.

"ದಿಲ್‌ಶಾದ, ನನ್ನ ಮಗಳ, ಒಂದ ಮಾತ ಕೇಳು. ಅವತ್ತ ನನಗ ಬುದ್ಧಿ ಇರ್ಲಿಲ್ಲ. ಅಂಜಿದ್ನೆವಾ. ನೀ ನನಗ ಹೊಡಿ, ಬೈಯಿ, ಎಲ್ಲಾರ ಮುಂದ ಉಗುಳು..."

"ಸೀಟಿನ್ಯಾಗ ಕುಂದರ್ರಿ. ಬಸ್ಸು ತಿರುವಿನ್ಯಾಗ ಐತಿ."

ಫಕ್ಕೀರವ್ವ ಕೂರಲಿಲ್ಲ. ಅವಳ ಮುಖ ಬಿಳುಚಿತು. ದನಿ ತಗ್ಗಿಸಿದಳು. "ಮಾತ ಆಡಬ್ಯಾಡ, ಹೋಗ್ಲಿ. ಒಂದ ನಿಮಿಷ ಬಸ್ಸ ನಿಲ್ಲಸು. ನನ್ನ ಕೈಲೆ ಹಿಡಿಯಾಕ ಆಗೂದಿಲ್ಲ. ನಿನಗ ಗೊತ್ತೈತೆಲ್ಲ."

ಅಕ್ಕಿ ಲಾರಿಯ ಗದ್ದಲವಾದ ಮೇಲೆ ಪ್ರತಿ ಬಸ್ಸಿಗೂ ಒಂದು ಕೆಂಪು ಗುಂಡಿ ಕೂರಿಸಿದ್ದರು. ಕಂಡಕ್ಟರ್ ಒತ್ತಿದರೆ ಬಸ್ಸು ರಸ್ತೆಯ ಬದಿಗೆ ಸರಿದು ನಿಲ್ಲುತ್ತಿತ್ತು. ಯಾಕೆ ಒತ್ತಿದೆ ಎಂದು ಯಾರೂ ಕೇಳುತ್ತಿರಲಿಲ್ಲ. ಅದು ದಿಲ್‌ಶಾದಳ ಮೊಣಕೈಗೆ ತಾಗುವಂತಿತ್ತು. ಅವಳು ಮೊಣಕೈಯನ್ನು ಒಳಗೆಳೆದುಕೊಂಡು, ಟಿಕೆಟ್ ಮಷಿನ್ನನ್ನು ತೊಡೆಯ ಮೇಲಿಟ್ಟುಕೊಂಡು, ಮುಂದಿನ ಗಾಜಿನಲ್ಲಿ ಓಡಿ ಬರುವ ಭತ್ತದ ಗದ್ದೆಗಳನ್ನು ನೋಡುತ್ತ ಕುಳಿತಳು.

"ದಿಲ್‌ಶಾದ! ನಿನ್ನ ಕೈ ಮುಗೀತೀನಿ."

ಬಸ್ಸು ಓಡಿತು. ಒಂದು ಗಳಿಗೆಯ ನಂತರ ಫಕ್ಕೀರವ್ವ ಕಂಬಿಯನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು ಕಣ್ಣು ಮುಚ್ಚಿದಳು. ಸೀರೆಯ ಅಂಚಿನಿಂದ ಇಳಿದದ್ದು ಬಸ್ಸಿನ ತಳದಲ್ಲಿ ಸಣ್ಣ ಗೆರೆಯಾಗಿ ಹಿಂದಿನ ಸೀಟುಗಳತ್ತ ಹರಿಯಿತು.

"ಥೂ, ಏನಿದು! ಕಂಡಕ್ಟರ, ನೋಡ್ರಿ ಇಲ್ಲೆ! ನನ್ನ ಚೀಲ ತೊಯ್ತು!" ಎಂದು ಒಬ್ಬ ಎದ್ದು ನಿಂತ.

"ಮುದುಕಿಗೆ ಮನ್ಯಾಗ ಬಿದ್ದಿರಾಕ ಏನಾಗಿತ್ತು?" ಎಂದಳು ಇನ್ನೊಬ್ಬಳು. ಯಾರೋ ಮೊಬೈಲು ಎತ್ತಿ ಹಿಡಿದರು.

ಬಸ್ಸು ಹೊಲಸು ಮಾಡಿದವರ ಮೇಲೆ ದೂರು ಬರೆದುಕೊಳ್ಳಬೇಕೆಂಬುದು ಕಂಡಕ್ಟರಳ ಕರ್ತವ್ಯ. ದಿಲ್‌ಶಾದ್ ಎದ್ದು ಬಂದು, ತೊಯ್ದ ಜಾಗ ತುಳಿಯದಂತೆ ಒಂದು ಹೆಜ್ಜೆ ದೂರ ನಿಂತು, ಮಷಿನ್ನಿನಲ್ಲಿ ದೂರಿನ ಪುಟ ತೆರೆದಳು. ಮೊದಲ ಸಾಲು ಖಾಲಿಯಾಗಿ ಮಿಣುಕುತ್ತಿತ್ತು.

ಬೆರಳು ಅಲ್ಲಿಟ್ಟುಕೊಂಡು ಅವಳು ಫಕ್ಕೀರವ್ವನ ಮುಖ ನೋಡಿ ಕೇಳಿದಳು:

"ನಿಮ್ಮ ಹೆಸರೇನ್ರಿ?"